ಅಮ್ಮನ ಸಮಾಧಿಯ ಹುಲ್ಲು

ನೀರು ಹಾಕಿದ್ದಾಯಿತು, ಗೊಬ್ಬರ ಹಾಕಿದ್ದಾಯಿತು, ಆದರೂ ಹುಲ್ಲು ಏಳುತ್ತಿಲ್ಲ. ಈ ಮಾತು ಹೇಳದ ಮನೆ ಕಡಿಮೆ. ನಮ್ಮ ಮನೆಯಲ್ಲೂ ಇದೇ ಮಾತಿತ್ತು. ಆದರೆ ನಮ್ಮದು ಅಂಗಳದ ಹುಲ್ಲಲ್ಲ, ಅಮ್ಮನ ಸಮಾಧಿಯ ಮೇಲಿನದು.

ಅಪ್ಪ ದರ್ಜಿ. ಅಮ್ಮ ಹೋಗಿ ಎರಡು ವರ್ಷವಾಯಿತು. ಒಂದು ಸಂಜೆಯೂ ಅಪ್ಪ ಸ್ಮಶಾನಕ್ಕೆ ಹೋಗುವುದನ್ನು ತಪ್ಪಿಸಿಲ್ಲ. ಒಂದು ಕೊಡ ನೀರು ಸುರಿದು, ಮೇಲೆ ಹಲಗೆ ಇಟ್ಟು, ಮಂಡಿಯೂರಿ ಮೈಭಾರವೆಲ್ಲ ಹಾಕಿ ಒತ್ತುತ್ತಿದ್ದರು. ನೀರು ಚಿಮುಕಿಸಿ ಇಸ್ತ್ರಿ ಹಾಕಿ ಪಳಗಿದ ಕೈ. ಹುಲ್ಲಿನಲ್ಲೂ ಸುಕ್ಕು ಕಂಡರೆ ಅವರಿಗೆ ಸಮಾಧಾನವಿಲ್ಲ.

ಮೂರನೇ ಸಲ ತಂದು ಹಾಸಿದ ಹುಲ್ಲೂ ಹಳದಿಯಾದಾಗ ಸ್ಮಶಾನದ ಕಚೇರಿಯಿಂದ ಚೀಟಿ ಬಂತು. ಮಳೆಗಾಲ ಮುಗಿಯುವುದರೊಳಗೆ ಹಸಿರಾಗದಿದ್ದರೆ ಬೋಳು ಜಾಗಕ್ಕೆ ಸಿಮೆಂಟು ಹಾಕುತ್ತಾರಂತೆ. ಅಪ್ಪ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಊಟಕ್ಕೆ ಏಳಲಿಲ್ಲ. ನಾನೇ ಅವಳನ್ನು ಆಸ್ಪತ್ರೆಗೆ ತಡಮಾಡಿ ಕರೆದುಕೊಂಡು ಹೋದೆ, ಅವಳ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಹುಲ್ಲು ಬರುತ್ತಿಲ್ಲ ಎಂದರು. ಮಣ್ಣು ಗಟ್ಟಿಯಾಗಿರಬಹುದೆಂದು ನಾನು ಓದಿದ್ದೆ, ದಿನಚರಿಯಲ್ಲಿ ಬರೆದುಕೊಂಡೂ ಇದ್ದೆ. ಅಪ್ಪನ ಮುಂದೆ ಅದನ್ನು ಹೇಳಲಾಗಲಿಲ್ಲ.

ಕೊನೆಗೆ ಹೇಳಿದ್ದು ಸ್ಮಶಾನದ ತೋಟ ನೋಡಿಕೊಳ್ಳುವ ಹೆಂಗಸು. ಎಲ್ಲರೂ ಅವರನ್ನು ಹುಲ್ಲಕ್ಕ ಎನ್ನುತ್ತಾರೆ. ಅಪ್ಪ ಸುರಿದ ನೀರು ಇಂಗದೆ ದಾರಿಗೆ ಹರಿಯುವುದನ್ನು ಅವರು ನೋಡುತ್ತ ನಿಂತಿದ್ದರು.

"ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು ಅಣ್ಣ. ಇದಕ್ಕೆ ತೂತು ಹಾಕಬೇಕು."

ಅವರ ಕೈಯಲ್ಲಿ ಮಣ್ಣಿಗೆ ಚುಚ್ಚುವ, ಟೊಳ್ಳು ಹಲ್ಲುಗಳ ಕಬ್ಬಿಣದ ಫೋರ್ಕ್ ಇತ್ತು. ಅಪ್ಪ ಅಡ್ಡ ಬಂದು ನಿಂತರು.

"ಅವಳ ಮೇಲೆ ಕಬ್ಬಿಣ ಚುಚ್ತೀಯಾ ತಾಯಿ? ಬದುಕಿದ್ದಾಗ ಚುಚ್ಚಿಸಿಕೊಂಡ ಸೂಜಿ ಸಾಲದಾ?"

"ನಾಲ್ಕು ಬೆರಳು ಆಳ ಅಷ್ಟೇ. ಅಕ್ಕನವರು ಎಷ್ಟೋ ಕೆಳಗಿದ್ದಾರೆ. ನೀವು ಹೊಲಿಗೆಯವರು. ರೆಕ್ಸಿನ್ನಲ್ಲಿ ಅಂಗಿ ಹೊಲಿದು ಬೇಸಿಗೇಲಿ ಹಾಕ್ಕೊಂಡು ತೋರಿಸಿ, ನಾನು ಸುಮ್ಮನಾಗ್ತೀನಿ."

ಅಪ್ಪ ನಗಲಿಲ್ಲ. ಹುಲ್ಲಕ್ಕ ವಾದಕ್ಕಿಳಿಯದೆ ಅವರ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು, ಮೊದಲು ಗೋಡೆ ಬದಿಯಲ್ಲಿ ಯಾರೂ ತುಳಿಯದ ಹುಲ್ಲಿಗೆ ಚುಚ್ಚಲು ಹೇಳಿದರು. ಹಿಡಿಯವರೆಗೂ ಇಳಿಯಿತು. ಇಲ್ಲಿಗೆ ತೂತು ಬೇಡ, ಗಟ್ಟಿಮುಟ್ಟಾಗಿರುವವರಿಗೆ ಔಷಧಿ ಯಾಕೆ ಎಂದರು. ಆಮೇಲೆ ಅಪ್ಪ ದಿನವೂ ಮಂಡಿಯೂರುವ ಜಾಗ. ಅಲ್ಲಿ ತುದಿ ಕೂಡ ಇಳಿಯಲಿಲ್ಲ. ಒದ್ದೆ ಮಣ್ಣನ್ನು ದಿನಾ ಒತ್ತಿದರೆ ಇಟ್ಟಿಗೆಯಾಗುತ್ತದೆ, ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ ಎಂದು ತಿಳಿಸಿ ಹೇಳಿದರು.

"ಇದು ನೀರಿಲ್ಲದೆ ಸತ್ತ ಹುಲ್ಲಲ್ಲ ಅಣ್ಣ. ಉಸಿರು ಕಟ್ಟಿ ಸತ್ತದ್ದು."

ಹುಲ್ಲಕ್ಕನಿಗೆ ಗೊತ್ತಿರಲಿಲ್ಲ. ಅಮ್ಮ ಹೋದದ್ದೂ ಹಾಗೆಯೇ, ಆಂಬುಲೆನ್ಸಿನಲ್ಲಿ, ಗಾಳಿಗಾಗಿ ಬಾಯಿ ತೆರೆದುಕೊಂಡು.

ಅಪ್ಪ ಹಲಗೆ ಎತ್ತಿ ಗೋಡೆಗೆ ಒರಗಿಸಿದರು.

"ಕೊಡು ತಾಯಿ. ನಾನೇ ಹಾಕ್ತೀನಿ."

ಕೆಸರಿನಲ್ಲೂ ಬೇಡ, ಒಣಗಿ ಬಿರಿದಾಗಲೂ ಬೇಡ ಎಂದು ಹುಲ್ಲಕ್ಕ ತಡೆದರು. ಎರಡು ದಿನದ ಜಿಟಿಜಿಟಿ ಮಳೆ ನಿಂತ ಮೇಲೆ ಅಪ್ಪ ನಾಲ್ಕು ಬೆರಳಿಗೊಂದರಂತೆ, ಹೊಲಿಗೆ ಹಾಕಿದ ಹಾಗೆ ಸಾಲಾಗಿ ತೂತು ಹಾಕಿದರು. ಮೇಲೆ ಬಂದ ಮಣ್ಣಿನಲ್ಲಿ ಬೇರು ಉಗುರಿನಷ್ಟೂ ಇಳಿದಿರಲಿಲ್ಲ. ತೂತುಗಳಿಗೆ ಮರಳು, ಜರಡಿ ಹಿಡಿದ ಗೊಬ್ಬರ ತುಂಬಿದೆವು.

ಉಳಿದಿದ್ದ ಬೇರು ಚಿಗುರಿ ಏಳು ವಾರಕ್ಕೆ ಹಸಿರಾಯಿತು. ಪೂರ್ತಿ ಅಲ್ಲ. ಅಪ್ಪನ ಮಂಡಿಯ ಎರಡು ಗುರುತು ಇನ್ನೂ ಬೋಳಾಗಿವೆ. ಕಚೇರಿಯವರು ಸಿಮೆಂಟಿನ ಮಾತು ಕೈಬಿಟ್ಟರು. ಅಪ್ಪ ಈಗ ಹುಲ್ಲು ತುಳಿಯದೆ ದಾರಿಯಲ್ಲೇ ನಿಲ್ಲುತ್ತಾರೆ. ಹಲಗೆ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಇದನ್ನು ಓದುತ್ತಿರುವವರೇ, ಎಲ್ಲ ಹುಲ್ಲಿಗೂ ತೂತು ಬೇಕಿಲ್ಲ. ಕಾಲು ಬೀಳುವ ಕಡೆ, ನೀರು ನಿಲ್ಲುವ ಕಡೆ, ವರ್ಷಕ್ಕೊಮ್ಮೆ, ಹುಲ್ಲು ಚಿಗುರುವ ಕಾಲದಲ್ಲಿ ಹಾಕಿದರೆ ಸಾಕು. ಇನ್ನೊಂದು ಕೊಡ ನೀರು ಸುರಿಯುವ ಮೊದಲು ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಇಳಿಯದಿದ್ದರೆ ನಿಮ್ಮ ಹುಲ್ಲು ಕೇಳುತ್ತಿರುವುದು ನೀರಲ್ಲ, ಗಾಳಿ. ನಾವು ಎರಡು ವರ್ಷ ತಡಮಾಡಿದೆವು. ನೀವು ತಡಮಾಡಬೇಡಿ.