ಯಾರೂ ಕುಡಿಯದ ನೀರು

ಹೊಳೆ ಊರೊಳಗೆ ನುಗ್ಗಿದ ಮೂರನೆಯ ದಿನ, ಶಾಲೆಯಲ್ಲಿ ತೆರೆದ ಪರಿಹಾರ ಶಿಬಿರದ ಮೇಲ್ವಿಚಾರಕ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಇನ್ನೂರು ಜನರಿದ್ದರೂ ನೂಕುನುಗ್ಗಲು ಇರಲಿಲ್ಲ. ಹೆಂಗಸರ ಕೋಣೆಗೆ ಕಳಿಸಿದ ಕ್ಯಾನುಗಳಲ್ಲಂತೂ ಅರ್ಧಕ್ಕರ್ಧ ನೀರು ಹಾಗೇ ಉಳಿಯುತ್ತಿತ್ತು. ಬಾಗಿಲಲ್ಲಿ ನಿಂತು "ಏನಾದ್ರೂ ಬೇಕಾ?" ಎಂದರೆ ಅವರೆಲ್ಲ ತಲೆ ತಗ್ಗಿಸಿ "ಏನೂ ಬೇಡ" ಎನ್ನುತ್ತಿದ್ದರು. 'ನೀರು ಬೇಕಾದಷ್ಟಿದೆ, ದೂರುಗಳಿಲ್ಲ' ಎಂದು ಮೇಲಿನವರಿಗೆ ವರದಿ ಕಳಿಸಿಬಿಟ್ಟ.

ಅಂದೇ ಮಧ್ಯಾಹ್ನ ದರ್ಜಿಯ ಸೊಸೆ ಕುಸಿದು ಬಿದ್ದಳು. ಏಳು ತಿಂಗಳ ಬಸುರಿ. ಮೈ ಕೆಂಡದಂತೆ ಸುಡುತ್ತಿತ್ತು, ತುಟಿ ಒಣಗಿ ಒಡೆದಿತ್ತು.

"ಅಷ್ಟೊಂದು ನೀರಿಟ್ಟಿದ್ರೂ ಕುಡಿಯೋಕೇನು ಧಾಡಿ ಇವ್ರಿಗೆ?" ಮೇಲ್ವಿಚಾರಕ ಎಲ್ಲರೆದುರೇ ಕೂಗಾಡಿದ.

ಆಂಬುಲೆನ್ಸಿಗೆ ಫೋನು ಮಾಡಿ ಮುಗಿಸಿದ ನರ್ಸು ಅವನನ್ನು ಅಂಗಳಕ್ಕೆ ಕರೆದೊಯ್ದು, ಬಯಲಲ್ಲಿ ಸಾಲಾಗಿ ನಿಲ್ಲಿಸಿದ್ದ ತಗಡಿನ ಶೌಚಾಲಯಗಳನ್ನು ತೋರಿಸಿದಳು. ಎದುರಿಗೇ ಶಾಲೆಯ ಜಗಲಿ. ಮಾವಂದಿರು, ಭಾವಂದಿರು, ಬೀದಿಯ ಗಂಡಸರೆಲ್ಲ ದಿನವಿಡೀ ಕೂರುತ್ತಿದ್ದದ್ದು ಅಲ್ಲೇ.

"ಮಾವನ ಕಣ್ಣೆದುರು ಅವಳು ಅಲ್ಲಿಗೆ ಹೋಗ್ತಾಳಾ ಸಾರ್? ಕತ್ತಲಾಗ್ಲಿ ಅಂತ ಕಾಯ್ತಾಳೆ. ಅದಕ್ಕೇ ನೀರು ಮುಟ್ಟಲ್ಲ. ಮೂತ್ರ ತಡ್ಕೊಂಡು ತಡ್ಕೊಂಡು ಸೋಂಕಾಗಿದೆ."

"ನಾನು ಕೇಳ್ದಾಗ ಬಾಯಿಬಿಟ್ಟು ಹೇಳ್ಬೇಕಿತ್ತಲ್ವಾ?"

"ಗಂಡಸಿಗೆ ಹೇಳೋ ಮಾತಾ ಅದು? ನಿಮ್ಮನೆಯವ್ರು ಹೇಳ್ತಿದ್ರಾ?"

ಅವನಿಗೆ ತನ್ನ ಮನೆಯೇ ನೆನಪಾಯಿತು. ಬಸ್ಸು ಹತ್ತಬೇಕಾದ ದಿನ ಹೆಂಡತಿ ಬೆಳಗಿನಿಂದ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಯಾಕೆಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸಂಜೆಯೊಳಗೆ ತಾನೇ ಗುದ್ದಲಿ ಹಿಡಿದು, ಹೆಂಗಸರ ಶೌಚಾಲಯಗಳನ್ನು ಕಟ್ಟಡದ ಹಿಂಬದಿಗೆ ಸಾಗಿಸಿ, ಸುತ್ತ ಟಾರ್ಪಾಲು ಕಟ್ಟಿಸಿದ. ಹೆಂಗಸರ ಬೇಕುಬೇಡ ವಿಚಾರಿಸುವ ಕೆಲಸವನ್ನು ನರ್ಸಿಗೆ ಬಿಟ್ಟ. ಹೊಸ ವರದಿಯಲ್ಲಿ, ಬಸುರಿ ಕುಸಿದದ್ದು ಮೊದಲು 'ಅನಿವಾರ್ಯ ಕಾರಣಗಳಿಂದ' ಎಂದು ಬರೆದು, ನಾಚಿ, ಹೊಡೆದುಹಾಕಿ, 'ನನ್ನ ತಪ್ಪಿನಿಂದ' ಎಂದು ತಿದ್ದಿದ.

ನಾಲ್ಕು ದಿನಕ್ಕೆ ಸೊಸೆ ಆಸ್ಪತ್ರೆಯಿಂದ ಬಂದಳು. ಹೊಟ್ಟೆಯಲ್ಲಿದ್ದ ಕೂಸಿಗೆ ಏನೂ ಆಗಿರಲಿಲ್ಲ. ಮುದಿ ದರ್ಜಿ ಬಂದು ಕೈಮುಗಿದ. "ನಿಮ್ಮಿಂದ ನಮ್ಮ ಹುಡುಗಿ ಉಳಿದ್ಲು, ಸ್ವಾಮಿ."

ಮೇಲ್ವಿಚಾರಕ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಹಾಗನ್ಬೇಡಿ ಯಜಮಾನ್ರೇ. ಅವಳು ಬಿದ್ದಿದ್ದೇ ನನ್ನಿಂದ. ಸಾಲದ್ದಕ್ಕೆ ಬೈದೂಬಿಟ್ಟೆ."

ಮುದುಕ ಜಗಲಿಯತ್ತ ನೋಡಿದ. "ಜಗಲೀಲಿ ಕೂತಿದ್ದೋನು ನಾನಲ್ವಾ? ಎದ್ದು ಬೇರೆ ಕಡೆ ಹೋಗ್ಬೇಕು ಅಂತ ನಂಗೂ ಹೊಳೀಲಿಲ್ಲ" ಎಂದ.

ಒಬ್ಬರ ಮುಖ ಒಬ್ಬರು ನೋಡಲಾರದೆ ಇಬ್ಬರೂ ಅಲ್ಲೇ ನಿಂತಿದ್ದರು.