ಹೊಲಕ್ಕೂ ಹುಬ್ಬು ಬೇಕು

ನಮ್ಮದು ಜಗಳೂರು ಸೀಮೆ. ಹೆಸರಿನಲ್ಲೇ ಜಗಳ ಇದೆ ಎಂದು ಹೊರಗಿನವರು ನಗುತ್ತಾರೆ, ನಗಲಿ. ಆದರೆ ಎಪ್ಪತ್ತೊಂಬತ್ತರ ಮುಂಗಾರಿನಲ್ಲಿ ನಮ್ಮೂರಲ್ಲಿ ನಡೆದಂಥ ಜಗಳ ಮಾತ್ರ ಯಾವ ಸೀಮೆಯಲ್ಲೂ ನಡೆದಿರಲಿಕ್ಕಿಲ್ಲ. ಚಿಕ್ಕಹನುಮಂತಪ್ಪ ಬಿತ್ತಿದ ಶೇಂಗಾ ತಿಪ್ಪೇಶಪ್ಪನ ಹೊಲದಲ್ಲಿ ಹುಟ್ಟಿತ್ತು.

ಅದು ಆದದ್ದು ಹೀಗೆ. ಇಬ್ಬರ ಹೊಲಗಳೂ ಒಂದೇ ಇಳಿಜಾರಿನಲ್ಲಿವೆ. ಮೇಲಿನ ಎರಡು ಎಕರೆ ಚಿಕ್ಕಹನುಮಂತಪ್ಪನದು, ಕೆಳಗಿನದು ತಿಪ್ಪೇಶಪ್ಪನದು. ಮೇಲೆ ಬಿತ್ತನೆಯಾದ ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಬಂತು ಎನ್ನುವುದಕ್ಕಿಂತ ಮೈಮೇಲೆ ಬಿತ್ತು ಎನ್ನಬೇಕು. ಒಂದೇ ತಾಸು. ಅಷ್ಟರಲ್ಲಿ ಮೇಲಿನ ಕೆಂಪು ಮಣ್ಣು, ತಿಪ್ಪೆಗೊಬ್ಬರ, ಬೀಜ ಎಲ್ಲವನ್ನೂ ಕೆಳಕ್ಕೆ ಇಳಿಸಿ ಹೋಯಿತು. ವಾರ ಕಳೆಯುವುದರೊಳಗೆ ತಿಪ್ಪೇಶಪ್ಪನ ಜೋಳದ ಸಾಲುಗಳ ನಡುವೆ ಶೇಂಗಾ ಮೊಳಕೆಗಳು ಗುಂಪುಗುಂಪಾಗಿ ತಲೆಯೆತ್ತಿದವು.

ಚಿಕ್ಕಹನುಮಂತಪ್ಪ ಬದುವಿನ ಮೇಲೆ ನಿಂತು ಕೂಗಿದ.

“ಏ ತಿಪ್ಪೇಶಿ! ಅವು ನನ್ನ ಗಿಡ ಕಣೋ. ಕಿತ್ಕೊಡು!”

“ನಾನೇನು ಕರೆದಿದ್ನೇನಣ್ಣ? ತಾವಾಗೇ ಬಂದವೆ. ಮನೆಗೆ ಬಂದೋರ್ನ ಹೆಂಗೆ ಹೊರಗೆ ಹಾಕ್ಲಿ?”

“ಬೀಜ ನಂದು! ಗೊಬ್ಬರ ನಂದು!”

“ಮಣ್ಣೂ ನಿಂದೇ ಕಣಣ್ಣ. ಮೂರು ವರ್ಷದಿಂದ ಬರ್ತಾ ಐತೆ. ಸುಳ್ಳು ಯಾಕೆ ಹೇಳ್ಲಿ, ಬಲೇ ಚೆನ್ನಾಗೈತೆ.”

ಚಿಕ್ಕಹನುಮಂತಪ್ಪ ಮನೆಗೆ ಬಂದಾಗ ಮುಖ ಕೆಂಪೇರಿತ್ತು. ಹೆಂಡತಿ ಅಂಜಿನಮ್ಮ ಮೂಲೆಯಲ್ಲಿದ್ದ ಮೂರು ಚೀಲ ಶೇಂಗಾಕಾಯಿಯನ್ನೇ ನೋಡುತ್ತ ಕುಳಿತಿದ್ದಳು. ಗಾಣಕ್ಕೆಂದು ಎತ್ತಿಟ್ಟದ್ದು ಅದು. ಇನ್ನೊಂದು ಸಲ ಬಿತ್ತಲು ಅದೇ ಗತಿ. ಅದೂ ಕೊಚ್ಚಿಕೊಂಡು ಹೋದರೆ ಮತ್ತೆ ತ್ಯಾವಣಿಗೆ ಕಡೆ ಭತ್ತದ ನಾಟಿಗೆ ಕೂಲಿ ಹೋಗಬೇಕು. ಹಿಂದಿನ ವರ್ಷ ಹೋಗಿದ್ದಳು. ನಾಲೆ ನೀರಿನ ಗದ್ದೆಯಲ್ಲಿ ಒಂದೂವರೆ ತಿಂಗಳು ಬಗ್ಗಿದ್ದಳು, ಕಾಲ್ಬೆರಳ ಸಂದುಗಳು ಕೊಳೆತು ಹೋಗಿದ್ದವು, ಪರರ ಕೊಟ್ಟಿಗೆಯಲ್ಲಿ ಮಲಗಿದ್ದಳು. ಇನ್ನೊಮ್ಮೆ ಹೋಗುವ ಮನಸ್ಸು ಅವಳಿಗೆ ಸುತರಾಂ ಇರಲಿಲ್ಲ.

ಮರುದಿನ ಶನಿವಾರ ಬೇಸಾಯದ ಸಲಹೆ ಹೇಳುವ ಗ್ರಾಮಸೇವಕ ಹಾಲಸ್ವಾಮಿ ಸೈಕಲ್ ತಳ್ಳಿಕೊಂಡು ಬಂದರು. ಹೊನ್ನಾಳಿ ಕಡೆಯವರು, ಬಹಳ ತಾಳ್ಮೆಯ ಮನುಷ್ಯ. ಮೊದಲು ಹೊಲ ನೋಡಿದರು, ಆಮೇಲೆ ಚಿಕ್ಕಹನುಮಂತಪ್ಪನ ಜಗಲಿ ಮೇಲೆ ಕುಳಿತು ನೀರು ಕುಡಿದರು. ಜಗಳದ ಮುಂದಿನ ಭಾಗ ತಪ್ಪಿಹೋದೀತೆಂದು ತಿಪ್ಪೇಶಪ್ಪನೂ ಬಂದು ಜಗಲಿಯ ತುದಿಯಲ್ಲಿ ಕುಳಿತ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಚಿಕ್ಕಹನುಮಂತಪ್ಪನಿಗೆ ‘ದಾರದ ಹನುಮಣ್ಣ’ ಎಂದು ಹೆಸರು. ಗುಡ್ಡದ ತಲೆಯಿಂದ ಕೆಳಗಿನ ಬದುವಿನವರೆಗೆ ಅವನು ಹೊಡೆದ ಸಾಲು ದಾರ ಹಿಡಿದಷ್ಟು ನೆಟ್ಟಗೆ ಇರುತ್ತಿತ್ತು. ಬಸ್ಸಿನಲ್ಲಿ ಹೋಗುವವರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರಂತೆ. ಹಾಗೆಂದು ಅವನೇ ಹೇಳುತ್ತಿದ್ದ.

“ಹನುಮಂತಪ್ಪನೋರೆ,” ಎಂದರು ಹಾಲಸ್ವಾಮಿ, “ಸಾಲು ನೆಟ್ಟಗೈತೆ, ಒಪ್ಕೊಂಡೆ. ಆದ್ರೆ ಮ್ಯಾಲಿಂದ ಕೆಳಕ್ಕೆ ನೆಟ್ಟಗೈತೆ. ನೀರಿಗೆ ನೀವೇ ರೋಡ್ ಹಾಕಿಕೊಟ್ಟಂಗಾಗೈತೆ.”

“ನಮ್ಮಪ್ಪನ ಕಾಲದಿಂದ ಹಿಂಗೇ ಹೊಡೆದೀವ್ರಿ. ಆಗ ಯಾಕೆ ಬೀಜ ಹೋಗ್ಲಿಲ್ಲ?”

“ಆಗ ಮಳೆ ಹೆಂಗೆ ಬರ್ತಿತ್ತು?”

ಚಿಕ್ಕಹನುಮಂತಪ್ಪ ಎಲೆಅಡಿಕೆ ಜಗಿಯುತ್ತ ಯೋಚಿಸಿದ. “ಸೋನೆ ಹಿಡೀತಿತ್ತು. ವಾರಗಟ್ಲೆ ಜಿಟಿಜಿಟಿ. ಕಂಬಳಿ ಒಣಗ್ತಾನೇ ಇರ್ಲಿಲ್ಲ.”

“ಈಗ?”

“ಈಗ ಹದಿನೈದು ದಿನ ಮುಖಾನೇ ತೋರ್ಸಲ್ಲ. ಬಂದ್ರೆ ಕೊಡ ಬೋರಲು ಹಾಕಿದಂಗೆ ಹಾಕಿ ಓಡಿಹೋಗ್ತೈತೆ.”

“ನೋಡ್ರಿ, ಮಳೆ ತನ್ನ ರೀತಿ ಬದಲು ಮಾಡ್ಕೊಂಡೈತೆ. ನಾವು ಮಾತ್ರ ಹಳೇ ರೀತಿ ಹಿಡ್ಕೊಂಡು ಕುಂತ್ರೆ ಹೆಂಗೆ? ಬಂದ ನೀರನ್ನ ಹೊಲದಾಗೇ ನಿಲ್ಲಿಸ್ಬೇಕು. ಸಾಲನ್ನ ಇಳಿಜಾರಿಗೆ ಅಡ್ಡ ಹೊಡೀರಿ.”

ಚಿಕ್ಕಹನುಮಂತಪ್ಪ ಜಗಿಯುವುದನ್ನು ನಿಲ್ಲಿಸಿದ. “ಅಡ್ಡ?”

“ಹೂಂ, ಅಡ್ಡ.”

ಅವನು ಹಾಲಸ್ವಾಮಿಯವರ ಹಣೆ ನೋಡಿದ. ಮೂರು ಬೆರಳಿನ ವಿಭೂತಿ ಅಡ್ಡಡ್ಡ ಇತ್ತು. ತಿಪ್ಪೇಶಪ್ಪನ ಹಣೆ ನೋಡಿದ. ಅಲ್ಲೂ ವಿಭೂತಿ, ಅಲ್ಲೂ ಅಡ್ಡ. ಅವನ ಸ್ವಂತ ಹಣೆಯ ಮೇಲೆ ಶನಿವಾರದ ಪೂಜೆ ಮುಗಿಸಿ ಇಟ್ಟ ನಾಮ ನೆಟ್ಟಗೆ ನಿಂತಿತ್ತು. ಅವನಿಗೆ ಎಲ್ಲ ಅರ್ಥವಾಯಿತು.

“ಓಹೋ! ಈಗ ತಿಳೀತು ಬಿಡ್ರಿ! ಇಬ್ರೂ ಸೇರ್ಕೊಂಡು ನನ್ನ ಹೊಲಕ್ಕೂ ವಿಭೂತಿ ಹಚ್ಚಾಕೆ ಬಂದೀರಿ!”

ಹಾಲಸ್ವಾಮಿ ಬೆಪ್ಪಾಗಿ ಕುಳಿತರು. ಇಲಾಖೆಯ ತರಬೇತಿಯಲ್ಲಿ ಅವರಿಗೆ ಕಂಬಳಿಹುಳದ ಬಗ್ಗೆ ಹೇಳಿದ್ದರು, ಯೂರಿಯಾದ ಬಗ್ಗೆ ಹೇಳಿದ್ದರು. ಇದರ ಬಗ್ಗೆ ಯಾರೂ ಹೇಳಿರಲಿಲ್ಲ.

“ಅಲ್ಲ ಮಾರಾಯ್ರೆ, ದೇವ್ರಿಗೂ ನೇಗಿಲಿಗೂ ಏನ್ ಸಂಬಂಧ?”

“ನಮ್ಮದು ಹನುಮಪ್ಪನ ಒಕ್ಕಲು. ನಮ್ಮ ಹೊಲ ಉದ್ದಕ್ಕೇ ಇರ್ತೈತೆ!”

ಒಳಗಿನಿಂದ ಅಂಜಿನಮ್ಮನ ದನಿ ಬಂತು: “ಇರ್ಲಿ ಬಿಡ್ರಿ ಸ್ವಾಮೇರೆ. ಹೊಲಕ್ಕೆ ಉದ್ದನಾಮ ಎಳೆದೂ ಎಳೆದೂ ಈಗ ಮನೆಮಂದಿಗೆಲ್ಲ ನಾಮ ಬಿದ್ದೈತೆ.”

ತಿಪ್ಪೇಶಪ್ಪ ನಕ್ಕ ರಭಸಕ್ಕೆ ಜಗಲಿಯಿಂದ ಕೆಳಗೆ ಬಿದ್ದ.

ಸೋಮವಾರ ನೆಲದಲ್ಲಿ ಇನ್ನೂ ಹಸಿ ಇತ್ತು. ಗಂಡಹೆಂಡತಿ ಎರಡನೇ ಬಿತ್ತನೆಗೆ ಹೊರಟರು. ನಮ್ಮಲ್ಲಿ ಗಂಡಸು ನೇಗಿಲು ಹಿಡಿದು ಮುಂದೆ ಹೋದರೆ, ಹೆಂಗಸು ಹಿಂದಿನಿಂದ ಸಾಲಿಗೆ ಕಾಳು ಬಿಡುತ್ತಾ ಬರುತ್ತಾಳೆ. ಅಂಜಿನಮ್ಮ ಸುಲಿದ ಕಾಳನ್ನು ಉಡಿಗೆ ಕಟ್ಟಿಕೊಂಡಿದ್ದಳು. ಚಿಕ್ಕಹನುಮಂತಪ್ಪ ಗುಡ್ಡದ ಕಡೆ ನೇಗಿಲು ಹೂಡಿ, ಒಂದು ಕಣ್ಣು ಮುಚ್ಚಿ ಗುರಿ ನೋಡಿ, ನೆಟ್ಟಗೆ ಕೆಳಗಿನವರೆಗೆ ಒಂದು ಸಾಲು ಹೊಡೆದ. ತಿರುಗಿ ನೋಡಿದರೆ ಸಾಲು ಖಾಲಿ! ಹೆಂಡತಿ ಮೇಲೆಯೇ ಬದುವಿನ ಮೇಲೆ ಕುಳಿತಿದ್ದಾಳೆ.

ಏದುಸಿರು ಬಿಡುತ್ತ ಮೇಲೆ ಬಂದ. “ಯಾಕೆ, ಕಾಲು ನೋವಾ?”

“ಕಾಲು ಚೆನ್ನಾಗೈತೆ. ನೀವು ಬೇಕಾದಷ್ಟು ನೆಟ್ಟಗೆ ಹೊಡ್ಕೊಳ್ರಿ. ನನ್ನ ಕೈಯಿಂದ ಮಾತ್ರ ಒಂದು ಕಾಳು ಬೀಳಲ್ಲ. ಇದೂ ಹೋದ್ರೆ ತ್ಯಾವಣಿಗೆಗೆ ಹೋಗೋಳು ನಾನು, ನಿಮ್ಮ ದಾರ ಅಲ್ಲ.”

“ಊರೋರು ನಗ್ತಾರೆ ಕಣೇ.”

“ಈಗೇನು ಅಳ್ತಾ ಅವ್ರಾ?”

ಅವನೂ ಬದುವಿನ ಮೇಲೆ ಕುಳಿತ. ಬಿಸಿಲು ಜೋರಾಗಿತ್ತು. ಮುಂಜಾನೆ ಇಟ್ಟುಕೊಂಡಿದ್ದ ನಾಮ ಬೆವರಿಗೆ ಕರಗಿ ಮೂಗಿನ ಮೇಲಿಂದ ಇಳಿದು ಮೀಸೆ ಸೇರಿತ್ತು.

ಅಂಜಿನಮ್ಮ ಅದನ್ನೇ ನೋಡುತ್ತಿದ್ದವಳು ಕೇಳಿದಳು: “ಅಲ್ರೀ, ಇಷ್ಟು ಬೆವರು ಇಳೀತಾ ಐತೆ. ಕಣ್ಣಿಗೆ ಯಾಕೆ ಇಳಿದಿಲ್ಲ?”

“ಹುಬ್ಬು ತಡೀತೈತಲ್ಲ.”

“ಹುಬ್ಬು ಉದ್ದಕ್ಕೈತೋ, ಅಡ್ಡಕ್ಕೈತೋ?”

ಚಿಕ್ಕಹನುಮಂತಪ್ಪ ಬೆರಳಿನಿಂದ ಮುಟ್ಟಿ ನೋಡಿಕೊಂಡ, ಎರಡು ಸಲ. “ಅಡ್ಡಕ್ಕೈತೆ.”

“ಹನುಮಪ್ಪನಿಗೆ?”

ಅವನು ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಬೆಳ್ಳಿ ಕಣ್ಣು, ಮೇಲೆ ಬಾಗಿದ ಎರಡು ಹುಬ್ಬು. ಆಮೇಲೆ ಮೆಲ್ಲಗೆ, “ಅವನಿಗೂ ಅಡ್ಡಕ್ಕೇ ಐತೆ” ಎಂದ. ಎದ್ದು ಎತ್ತುಗಳನ್ನು ತಿರುಗಿಸಿದ.

ಹಾಲಸ್ವಾಮಿಗೆ ಹೇಳಿಕಳಿಸಿದರು. ಅವರು ಬಂದು ಅಲ್ಲಲ್ಲಿ ನೀರು ಸುರಿದು, ಯಾವ ಕಡೆ ಹರಿಯುತ್ತದೆಂದು ನೋಡಿ, ಅದಕ್ಕೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಕಲ್ಲು ಇಟ್ಟು ಗುರುತು ಮಾಡಿಕೊಟ್ಟರು. “ಕಲ್ಲಿನ ಜಾಡು ಬಿಡಬ್ಯಾಡ್ರಿ. ನಡುನಡುವೆ ಮಣ್ಣು ಎತ್ತಿ ಸಣ್ಣ ಬದು ಹಾಕ್ರಿ. ಆರು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಇರ್ಲಿ. ಮಳೆ ಕೈಕೊಟ್ಟು ಶೇಂಗಾ ಸೋತ್ರೂ ತೊಗರಿ ಹಿಡ್ಕೊಂತೈತೆ” ಎಂದರು.

ಹೇಳುವುದು ಸುಲಭ. ಎತ್ತುಗಳಿಗೆ ಯಾರೂ ಹೇಳಿರಲಿಲ್ಲವಲ್ಲ! ಎಂಟು ವರ್ಷ ಮೇಲೆ ಕೆಳಗೆ ಹೋಗಿ ಅಭ್ಯಾಸವಾದ ಎತ್ತುಗಳು ಹತ್ತು ಹೆಜ್ಜೆ ಅಡ್ಡ ಹೋಗಿ, ಯಜಮಾನನಿಗೆ ಬುದ್ಧಿ ಕೆಟ್ಟಿದೆಯೆಂದು ತಿಳಿದು, ತಾವಾಗಿಯೇ ಗುಡ್ಡದ ಕಡೆ ತಿರುಗುತ್ತಿದ್ದವು. ಸಾಲು ಡೊಂಕುಡೊಂಕಾಗಿ ಹೋಯಿತು. ಗುಡ್ಡ ಬಾಗಿದಂತೆ ಸಾಲೂ ಬಾಗಿತು. ದಾರದ ಹನುಮಣ್ಣನಿಗೆ ಅದನ್ನು ನೋಡಿ ಅಳುವೇ ಬಂತು.

“ಅಣ್ಣಾ,” ಎಂದು ಕೆಳಗಿನಿಂದ ತಿಪ್ಪೇಶಪ್ಪ ಕೂಗಿದ, “ಎತ್ತಿಗೆ ಸೇಂದಿ ಕುಡಿಸಿದ್ಯೋ, ನೀನೇ ಕುಡಿದ್ಯೋ?”

ಬಿತ್ತಿದ ಒಂಬತ್ತನೆಯ ದಿನ ಮಧ್ಯಾಹ್ನ ಮತ್ತೆ ಅದೇ ಮಳೆ ಬಿತ್ತು. ಚಿಕ್ಕಹನುಮಂತಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಓಡಿದ, ಹಿಂದೆಯೇ ಅಂಜಿನಮ್ಮ. ಇಬ್ಬರೂ ಬದುವಿನ ಮೇಲೆ ಉಸಿರು ಬಿಗಿಹಿಡಿದು ನಿಂತರು. ನೀರು ಮೇಲಿಂದ ಇಳಿದು ಬಂತು, ಮೊದಲ ಸಾಲಿಗೆ ಬಿದ್ದು ನಿಂತಿತು. ಅದು ತುಂಬಿದ ಮೇಲೆ ಎರಡನೆಯದಕ್ಕೆ ಇಳಿದು, ಅಲ್ಲೂ ನಿಂತಿತು. ಇಡೀ ಹೊಲದ ತುಂಬ ಸಾಲುಸಾಲಾಗಿ ಕೆಂಪು ನೀರು ನಿಂತಿತ್ತು. ನೋಡನೋಡುತ್ತಿದ್ದಂತೆ ನೆಲ ಅದನ್ನು ಮೆಲ್ಲಗೆ ಕುಡಿಯಿತು. ಮೊಳಕೆ ಒಂದೂ ಕದಲಲಿಲ್ಲ.

“ನಿಂತೈತೆ ಕಣೇ! ನಿಂತೈತೆ!” ಎಂದು ಚಿಕ್ಕಹನುಮಂತಪ್ಪ ಎರಡೂ ಕೈ ಎತ್ತಿ ಕುಣಿದ. ನೀರು ನಿಂತಿತ್ತು, ಅವನು ಮಾತ್ರ ನಿಲ್ಲಲಿಲ್ಲ, ಜಾರಿ ಕೆಸರಲ್ಲಿ ಕುಳಿತ.

ಕೆಳಗೆ ತಿಪ್ಪೇಶಪ್ಪನ ಹೊಲದಲ್ಲಿ ಕಥೆ ಬೇರೆಯೇ ಇತ್ತು. ಅವನ ಸಾಲುಗಳೂ ಉದ್ದಕ್ಕೇ ಇದ್ದವಲ್ಲ, ಮೂರು ವರ್ಷದಿಂದ ಪುಕ್ಕಟೆ ಬಂದ ಮಣ್ಣೆಲ್ಲ ಹಳ್ಳದ ಕಡೆ ಹೊರಟಿತ್ತು. ಅವನು ಪಂಚೆ ಎತ್ತಿಕಟ್ಟಿ, ಎರಡೂ ಕೈಯಿಂದ ಮಣ್ಣು ತಡೆಯುತ್ತಿದ್ದ.

“ಅಣ್ಣಾ, ಹಾಲಸ್ವಾಮಿಗಳು ಇನ್ನು ಯಾವತ್ತು ಬರ್ತಾರೆ?” ಎಂದು ಕೂಗಿದ.

ಆಮೇಲೆ ಹದಿನೆಂಟು ದಿನ ಮಳೆ ಇಲ್ಲ. ಸುತ್ತಲಿನ ಹೊಲಗಳಲ್ಲಿ ಎಲೆ ಮುದುಡಿದವು. ಚಿಕ್ಕಹನುಮಂತಪ್ಪನ ಹೊಲದಲ್ಲಿ ಮಣ್ಣು ಕೆದಕಿದರೆ ಗೇಣು ಕೆಳಗೆ ಇನ್ನೂ ಹಸಿ ಇತ್ತು. ಶೇಂಗಾ ಹಸಿರಾಗಿಯೇ ಉಳಿಯಿತು.

ಅಷ್ಟರಲ್ಲಿ ತ್ಯಾವಣಿಗೆಯ ಕೂಲಿ ಮೇಸ್ತ್ರಿ ಟ್ರಾಕ್ಟರ್ ಟ್ರೇಲರ್ ತಂದು ನಮ್ಮ ಓಣಿಯಲ್ಲಿ ನಿಲ್ಲಿಸಿದ. “ಅಂಜಿನಮ್ಮ, ನಾಟಿ ಶುರುವಾಗೈತೆ. ಗಂಟು ಕಟ್ಟಮ್ಮ, ಹತ್ತು.”

ಅಂಜಿನಮ್ಮ ಹೊಸ್ತಿಲಿಗೆ ಬಂದು ನಿಂತಳು.

“ಬರಾಕಾಗಲ್ಲಣ್ಣ. ನಮ್ಮ ಹೊಲದಾಗೇ ಕಳೆ ಐತೆ.”

ಮೇಸ್ತ್ರಿಗೆ ಕೇಳಿಸಿತ್ತು. ಆದರೂ ಅವಳು ಇಡೀ ಓಣಿಗೆ ಕೇಳುವಂತೆ ಇನ್ನೊಂದು ಸಲ ಹೇಳಿದಳು: “ನಮ್ಮ ಹೊಲದಾಗೇ ಕಳೆ ಐತೆ!” ಕಳೆ ಬೆಳೆದದ್ದನ್ನು ಯಾರೂ ಅಷ್ಟು ಹೆಮ್ಮೆಯಿಂದ ಹೇಳಿದ್ದನ್ನು ನಾನು ಕಂಡಿಲ್ಲ. ಹೇಳಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಕ್ಕಹನುಮಂತಪ್ಪ ಕಳೆ ತೆಗೆಯುವ ಎರಡು ಕುರ್ಚಿಗೆ ತಂದು, ಒಂದನ್ನು ಅವಳ ಕೈಗೆ ಕೊಟ್ಟ. ಟ್ರೇಲರ್ ಅವಳನ್ನು ಬಿಟ್ಟು ಹೋಯಿತು.

ರೈತ ಬಂಧುಗಳೇ, ತಾಯಂದಿರೇ, ಈ ಕಥೆ ಓದಿದ ಮೇಲೆ ನಿಮ್ಮ ಹೊಲಕ್ಕೆ ಒಂದು ಕೊಡ ನೀರು ಹೊತ್ತುಕೊಂಡು ಹೋಗಿ. ಎತ್ತರದ ಕಡೆ ನಿಂತು ಸುರಿಯಿರಿ. ನೀರು ಎತ್ತ ಓಡುತ್ತದೋ ಅದಕ್ಕೆ ಅಡ್ಡವಾಗಿ ಉಳುಮೆ ಮಾಡಿ, ಅಡ್ಡವಾಗಿ ಬಿತ್ತಿ, ಬದು ಹಾಕಿ, ನಡುವೆ ತೊಗರಿಯ ಸಾಲು ಬಿಡಿ. ಸಾಲು ಡೊಂಕಾಯಿತೆಂದು ನಾಚಬೇಡಿ. ಗೊತ್ತಾಗದಿದ್ದರೆ ನಿಮ್ಮ ಗ್ರಾಮಸೇವಕರನ್ನು ಕರೆಯಿರಿ, ಅವರ ಹಣೆ ನೋಡುತ್ತ ಕೂರಬೇಡಿ. ಮಳೆಯನ್ನು ತಿರುಗಿಸಲು ನಮ್ಮಿಂದ ಆಗುವುದಿಲ್ಲ, ಎತ್ತುಗಳನ್ನು ತಿರುಗಿಸಲು ಆಗುತ್ತದೆ. ಈ ಮುಂಗಾರಿಗೇ ತಿರುಗಿಸಿ.