ಹಕ್ಕಿಗೆ ಮೀಸಲಾದ ಕಂಟಿ

"ಏ ರಂಡೇರಾ, ಹೊರಗ ಬರ್ರಿ. ಅದೇನ್ ನಿಮ್ಮಪ್ಪ ಕಟ್ಟಿಸಿದ ಪಾಯಖಾನಿ ಏನು?"

ಬಾರಿಹಣ್ಣಿನ ಮುಳ್ಳುಕಂಟಿಯ ಹಿಂದೆ ಮಸರತ ಕೂತಿದ್ದಳು. ಮಹಾನಂದಾ ಸೆರಗು ಹರಡಿ ಅವಳಿಗೆ ಮರೆಯಾಗಿ ನಿಂತಿದ್ದಳು. "ಆಕಿ ಇನ್ನಾ ಎದ್ದಿಲ್ರಿ ಗೌಡ್ರ. ತಡೀರಿ."

"ನನ್ ಹೊಲದಾಗ ನಾ ತಡೀಬೇಕೇನ್ ಬೇ?" ಎಂದು ಜಗದೇವಪ್ಪ ಗೌಡ ಇನ್ನೆರಡು ಹೆಜ್ಜೆ ಮುಂದೆ ಬಂದ.

ಕಿಣ್ಣಿ ಸುಲ್ತಾನ ಊರಿನ ಆ ಹೊಲದಲ್ಲಿ ಕಡಲೆ ಮೊಣಕಾಲಿಗೂ ಬರುವುದಿಲ್ಲ. ಕೂತ ಹೆಂಗಸು ಅರ್ಧ ಮೈಲಿಗೆ ಕಾಣುತ್ತಾಳೆ. ಬದುವಿನ ಜಾಲಿ, ಬಾರಿ ಕಂಟಿಗಳನ್ನೆಲ್ಲ ಗೌಡ ಎರಡು ವರ್ಷದ ಹಿಂದೆ ಜೆಸಿಬಿ ತಂದು ಕೀಳಿಸಿದ್ದ. ಎರಡು ಸಾಲು ಕಡಲೆ ಹೆಚ್ಚಾಯಿತು. ಹಕ್ಕಿ ಹೋದವು, ಹುಳ ಬಂದವು. ಉಳಿದದ್ದು ಮೂಲೆಯ ಈ ಒಂದೇ ಕಂಟಿ. ಹುಳ ಆರಿಸುವ ನಾವು ಹನ್ನೊಂದು ಹೆಂಗಸರು ಪಾಳಿ ಹಚ್ಚಿ ಅದರ ಹಿಂದೆ ಹೋಗಿಬರುತ್ತಿದ್ದೆವು. ಅಲ್ಲೇ ಬೀಡುಬಿಟ್ಟಿದ್ದ ಎರಡು ಕಾಜಾಣ ನಮ್ಮ ಬೆನ್ನ ಹಿಂದೆಯೇ ಹಾರಾಡಿ, ಕೈತಪ್ಪಿದ ಹುಳ ತಿನ್ನುತ್ತಿದ್ದವು. ನಮಗೆ ಅವು ಹೆದರುತ್ತಿರಲಿಲ್ಲ.

ಆಮೇಲೆ ಹಕ್ಕಿ ಉಳಿಸುವ ಯೋಜನೆ ಬಂತು. ಹಕ್ಕಿ ಕೂರಲೆಂದು ಹೊಲದ ತುಂಬ ಕವಲುಗೋಲು, ಕಂಟಿಯ ಸುತ್ತ ಮುಳ್ಳುತಂತಿ, ಗೌಡನ ಹೆಗಲಿಗೆ 'ಪಕ್ಷಿಮಿತ್ರ' ಶಾಲು. ಯೋಜನೆಯ ಸಾಹೇಬ ಸಂಜುಕುಮಾರ ಮೂಗುದನಿಯಲ್ಲಿ ಉಪದೇಶ ಮಾಡಿದ: "ನೋಡಿ, ಪಕ್ಷಿಗಳಿಗೆ ಏಕಾಂತ ಬೇಕಾಗುತ್ತದೆ."

"ನಮಗೂ ಬೇಕಾಗ್ತದ್ರಿ ಸಾಹೇಬ್ರ. ದಿನಕ್ಕ ಎರಡ್ ಸಲ," ಎಂದಳು ಮಹಾನಂದಾ.

"ಮನ್ಯಾಗ ಮುಗಿಸ್ಕೊಂಡು ಬರಬೇಕ್ ಬೇ," ಎಂದ ಗೌಡ. "ನೀರ್ ಕಮ್ಮಿ ಕುಡೀರಿ."

ಕಡಿಮೆ ಕುಡಿದೆವು. ಒಂಬತ್ತನೇ ದಿನ ಮಸರತಳಿಗೆ ಉರಿಮೂತ್ರವಾಗಿ, ಹೊಟ್ಟೆ ಹಿಡಿದು ಸಾಲಿನಲ್ಲೇ ಕುಸಿದಳು. ಕುಸಿದದ್ದಕ್ಕೂ ಬೈಗುಳ. ಆದರೂ ಆಕೆಯ ನಾಲಿಗೆ ಸುಮ್ಮನಿರಲಿಲ್ಲ. ಕವಲುಗೋಲಿನ ಮೇಲಿದ್ದ ಕಾಜಾಣಕ್ಕೆ ಸಾಹೇಬನ ಮೂಗುದನಿಯಲ್ಲೇ ಕೇಳಿದಳು: "ಹಕ್ಕಿಯವರೇ, ತಮಗೆ ಏಕಾಂತ ಸಾಕಾಗುತ್ತದೆಯೇ?"

ಹಕ್ಕಿ ಪಿಚಕ್ಕನೆ ಹಿಕ್ಕೆ ಹಾಕಿ ಹಾರಿತು.

"ನೋಡ್ ಯಕ್ಕಾ, ಇದಕ್ಕ್ಯಾರೂ ಏನೂ ಅನ್ನಂಗಿಲ್ಲ."

ನಕ್ಕೆವು. ನಗುತ್ತಲೇ ಆಕೆ ಅತ್ತಳು.

ಮರುದಿನ ಯೋಜನೆ ನೋಡಲು ಕಲಬುರಗಿಯಿಂದ ದೊಡ್ಡವರು ಎರಡು ಗಾಡಿಯಲ್ಲಿ ಬಂದರು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕ್ಯಾಮೆರಾ. ಗೌಡ ಶಾಲು ಹೊದ್ದು ಬೇಲಿಯ ಮುಂದೆ ನಿಂತಿದ್ದ. "ನನ್ನ ಕೇಳದ ಇಲ್ಲಿ ಒಂದ್ ಇರುವಿ ಸುದ್ದಾ ಒಳಗ ಹೋಗಂಗಿಲ್ರಿ."

ಮಹಾನಂದಾ ಸಾಲು ಬಿಟ್ಟು ನೆಟ್ಟಗೆ ನಡೆದಳು. ಕೆಳಗಿನ ತಂತಿಯನ್ನು ತುಳಿದು, ಮೇಲಿನದನ್ನು ಎತ್ತಿ ಹಿಡಿದಳು. ಅಂಗೈಯಿಂದ ರಕ್ತ ಇಳಿಯಿತು. "ಬಾ ಮಸರತ. ಮೊದಲ್ ನೀ."

ಮಸರತ ಬಗ್ಗಿ ನುಸುಳಿದಳು. ಉಳಿದ ಒಂಬತ್ತು ಮಂದಿ ಪಾಳಿಗೆ ನಿಂತೆವು.

"ಏ ರಂ..." ದೊಡ್ಡವರ ಮುಂದೆ ಗೌಡನ ಬಾಯಿ ಅರ್ಧಕ್ಕೇ ನಿಂತಿತು.

ದುರ್ಬೀನುಗಳು ಮಾತ್ರ ಇನ್ನೂ ಕಂಟಿಯ ಮೇಲೆಯೇ ಇದ್ದವು.

"ಹೆಣ್ಮಕ್ಕಳು ಕುಂತಾರ್ರಿ," ಎಂದಳು ಮಹಾನಂದಾ. "ಏನ್ ಫೋಟೋ ಹೊಡೀತೀರಿ?"

ಒಬ್ಬೊಬ್ಬರಾಗಿ ದುರ್ಬೀನು ಇಳಿಸಿ, ಬಯಲಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಬಿಸಿಲಲ್ಲಿ ನಿಂತರು. ಶಾಲು ಹೊದ್ದ ಗೌಡನೂ ತಿರುಗಿದ. ಹತ್ತು ಮಂದಿ ಹೋಗಿ ಬಂದೆವು. ಆಮೇಲೆ ಮಸರತ ತಂತಿ ಎತ್ತಿ ಹಿಡಿದಳು, ಮಹಾನಂದಾ ಒಳಹೋದಳು.

ಆಕೆಗೆ ಅವಸರವೇನೂ ಇರಲಿಲ್ಲ.